ಮಹಾಧಮನಿ ಉಬ್ಬಿದಾಗ

ಶಸ್ತ್ರಕ್ರಿಯೆ ಯಾವಾಗ ಬೇಕು? ಯಾವಾಗ ಕಾಯಬಹುದು?

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಹುಮನಾಬಾದನ್ನು ಹಾದು ಸಾಗುತ್ತದೆ. ಹಗಲಿರುಳೆನ್ನದೆ ಸರಕು ಹೊತ್ತ ಲಾರಿಗಳ ಸಾಲು ಆ ದಾರಿಯಲ್ಲಿ ಉರುಳುತ್ತಿರುತ್ತದೆ. ದೂರದ ಪ್ರಯಾಣಕ್ಕೆ ಹೊರಟ ಅನುಭವಿ ಚಾಲಕನು ಚಹಾದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಾಗ, ಚಹಾ ಕೈಗೆತ್ತಿಕೊಳ್ಳುವ ಮೊದಲು ಗಾಲಿಗಳ ಸುತ್ತ ಒಮ್ಮೆ ತಿರುಗಿ ಬರುತ್ತಾನೆ. ಟಯರಿನ ಮಗ್ಗುಲಲ್ಲಿ ನಿಂಬೆಯ ಗಾತ್ರದ ಉಬ್ಬೊಂದು ಕಂಡಿತೆನ್ನಿ. ಅವನ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಉಬ್ಬು ಎಲ್ಲಿದೆ? ಎಷ್ಟು ದೊಡ್ಡದಾಗಿದೆ? ನಿನ್ನೆಗಿಂತ ಇಂದು ಬೆಳೆದಿದೆಯೆ? ಈ ಮೂರಕ್ಕೆ ದೊರೆಯುವ ಉತ್ತರವನ್ನು ನೋಡಿ ಅವನು ಟಯರನ್ನು ಬದಲಿಸುವುದೋ, ಭಾರ ಇಳಿಸಿ ನಿಧಾನವಾಗಿ ಹೋಗುವುದೋ ಎಂಬುದನ್ನು ನಿರ್ಧರಿಸುತ್ತಾನೆ.

ಮನುಷ್ಯನ ದೇಹದಲ್ಲಿಯೂ ಇಂಥದೇ ಉಬ್ಬು ಕಾಣಿಸಿಕೊಳ್ಳುವುದುಂಟು. ಹೃದಯದಿಂದ ಹೊರಡುವ ಮಹಾಧಮನಿಯ ಗೋಡೆ ಒಂದು ಕಡೆ ದುರ್ಬಲಗೊಂಡು ಚೀಲದಂತೆಯೋ ಬುಗುರಿಯಂತೆಯೋ ಹಿಗ್ಗುತ್ತದೆ. ವೈದ್ಯರು ಇದನ್ನು ‘ಅನ್ಯೂರಿಸಂ’ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಹಿಗ್ಗುವಿಕೆ ಎಂಬ ಅರ್ಥದ ಮಾತಿನಿಂದ ಬಂದ ಹೆಸರು ಅದು. ಲಾರಿಯ ಚಾಲಕನ ಆ ಮೂರು ಪ್ರಶ್ನೆಗಳನ್ನೇ ಶಸ್ತ್ರವೈದ್ಯರೂ ಕೇಳಿಕೊಳ್ಳುತ್ತಾರೆ. ಒಂದು ವ್ಯತ್ಯಾಸವೆಂದರೆ, ಟಯರಿನ ಉಬ್ಬು ಕಣ್ಣಿಗೆ ಕಾಣುತ್ತದೆ. ಈ ಉಬ್ಬು ಬಹುಪಾಲು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಒಳಗೇ ಬೆಳೆಯುತ್ತದೆ.

ರಕ್ತದ ರಾಜಮಾರ್ಗ

ಮಹಾಧಮನಿಯು ದೇಹದ ಅತ್ಯಂತ ದೊಡ್ಡ ರಕ್ತನಾಳ. ಹೃದಯದ ಎಡಗಡೆಯ ಕೆಳಕೋಣೆಯಿಂದ ಹೊರಟು ಅದು ಮೊದಲು ಮೇಲಕ್ಕೇರುತ್ತದೆ. ಬಳಿಕ ಊರುಗೋಲಿನ ಹಿಡಿಯಂತೆ ಬಾಗಿ, ಬೆನ್ನೆಲುಬಿನ ಮಗ್ಗುಲಲ್ಲಿಯೇ ಕೆಳಗಿಳಿದು, ವಪೆಯನ್ನು ದಾಟಿ ಉದರವನ್ನು ಪ್ರವೇಶಿಸುತ್ತದೆ. ಹೊಕ್ಕುಳಿನ ಮಟ್ಟಕ್ಕೆ ಬಂದಾಗ ಎರಡು ಕವಲಾಗಿ ಒಂದೊಂದು ಕಾಲಿನತ್ತ ಸಾಗುತ್ತದೆ. ದಾರಿಯುದ್ದಕ್ಕೂ ಮೆದುಳು, ತೋಳು, ಬೆನ್ನುಹುರಿ, ಯಕೃತ್ತು, ಕರುಳು, ಮೂತ್ರಪಿಂಡ ಇವೆಲ್ಲಕ್ಕೂ ಅದರಿಂದಲೇ ಶಾಖೆಗಳು ಒಡೆಯುತ್ತವೆ. ಬೀದರಿನ ನೌಬಾದಿನಲ್ಲಿ ಬಹಮನಿ ಅರಸರ ಕಾಲದ ಕರೇಜನ್ನು, ಎಂದರೆ ನೆಲದಡಿಯ ನೀರಿನ ಸುರಂಗವನ್ನು, ಕಂಡವರಿಗೆ ಈ ವ್ಯವಸ್ಥೆ ಸುಲಭವಾಗಿ ಅರ್ಥವಾದೀತು. ಮೇಲೆ ನಡೆದಾಡುವವರಿಗೆ ಕೆಳಗೆ ಹರಿಯುವ ನೀರಿನ ಸುಳಿವು ಸಿಗುವುದಿಲ್ಲ. ಆದರೆ ಊರಿನ ಬದುಕು ಅದನ್ನೇ ನಂಬಿಕೊಂಡಿತ್ತು.

ಆರೋಗ್ಯವಂತ ವಯಸ್ಕನಲ್ಲಿ ಮಹಾಧಮನಿಯ ಅಗಲ ಎದೆಯ ಮೇಲ್ಭಾಗದಲ್ಲಿ ಸುಮಾರು ೩ ಸೆಂಟಿಮೀಟರು, ಹೊಟ್ಟೆಯಲ್ಲಿ ಸುಮಾರು ೨ ಸೆಂಟಿಮೀಟರು. ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು ೫ ಲೀಟರ್ ರಕ್ತ ಇದರ ಮೂಲಕ ಹರಿಯುತ್ತದೆ. ದಿನವೊಂದಕ್ಕೆ ಹೃದಯವು ಸುಮಾರು ಒಂದು ಲಕ್ಷ ಸಲ ಮಿಡಿಯುವುದರಿಂದ, ಅಷ್ಟು ಸಲವೂ ಒತ್ತಡದ ಅಲೆ ಈ ನಾಳದ ಗೋಡೆಗೆ ಬಂದು ಅಪ್ಪಳಿಸುತ್ತದೆ. ಇದನ್ನು ತಾಳಿಕೊಳ್ಳಲೆಂದೇ ಪ್ರಕೃತಿಯು ಮೂರು ಪದರಗಳ ಗೋಡೆಯನ್ನು ಕಟ್ಟಿದೆ. ನಡುವಣ ಪದರದಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ನಾರುಗಳಿವೆ. ಮಿಡಿತ ಬಂದಾಗ ಹಿಗ್ಗಿ, ಹೋದಾಗ ಕುಗ್ಗಿ, ರಕ್ತವನ್ನು ಮುಂದಕ್ಕೆ ದೂಡುವುದು ಇವುಗಳ ಕೆಲಸ. ದುರ್ದೈವವೆಂದರೆ, ಒಮ್ಮೆ ಹರಿದ ಈ ನಾರನ್ನು ದೊಡ್ಡವರ ದೇಹವು ಮತ್ತೆ ಚೆನ್ನಾಗಿ ನೇಯಲಾರದು.

ಗೋಡೆ ಏಕೆ ಸೋಲುತ್ತದೆ?

ಸಹಜ ಅಗಲಕ್ಕಿಂತ ಒಂದೂವರೆ ಪಟ್ಟು ಹಿಗ್ಗಿದರೆ ಅದನ್ನು ಅನ್ಯೂರಿಸಂ ಎಂದು ಕರೆಯುವುದು ವಾಡಿಕೆ. ಹೊಟ್ಟೆಯ ಮಹಾಧಮನಿಗೆ ಸಂಬಂಧಿಸಿದಂತೆ ೩ ಸೆಂಟಿಮೀಟರು ಈ ಗೆರೆ. ಹಿಗ್ಗುವಿಕೆ ಒಮ್ಮೆ ಆರಂಭವಾಯಿತೆಂದರೆ ಅದು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಮಕ್ಕಳು ಬಲೂನು ಊದುವುದನ್ನು ನೋಡಿದರೆ ಇದರ ಗುಟ್ಟು ತಿಳಿಯುತ್ತದೆ. ಮೊದಲ ಎರಡು ಉಸಿರಿಗೆ ಕೆನ್ನೆ ನೋಯುತ್ತದೆ. ಸ್ವಲ್ಪ ಉಬ್ಬಿದ ಮೇಲೆ ಊದುವುದು ಹಗುರವಾಗುತ್ತದೆ. ನಾಳ ಅಗಲವಾದಷ್ಟೂ ಅದೇ ಒತ್ತಡವು ಗೋಡೆಯ ಮೇಲೆ ಹೆಚ್ಚಿನ ಬಿಗಿತವನ್ನುಂಟುಮಾಡುತ್ತದೆ ಎಂಬ ಈ ನಿಯಮಕ್ಕೆ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನ ಹೆಸರಿದೆ. ಆದುದರಿಂದಲೇ ಸಣ್ಣ ಉಬ್ಬು ನಿಧಾನವಾಗಿ ಬೆಳೆಯುತ್ತದೆ, ದೊಡ್ಡದು ವೇಗವಾಗಿ ಬೆಳೆಯುತ್ತದೆ, ಬಹಳ ದೊಡ್ಡದು ಒಡೆಯುತ್ತದೆ.

ಹೊಟ್ಟೆಯ ಭಾಗದ ಉಬ್ಬಿಗೆ ಅತಿ ದೊಡ್ಡ ಕಾರಣ ಧೂಮಪಾನ. ಸಿಗರೇಟಾಗಲಿ ಬೀಡಿಯಾಗಲಿ, ಅದರ ಹೊಗೆಯು ನಾಳದ ನಾರುಗಳನ್ನು ತಿಂದುಹಾಕುವ ಕ್ರಿಯೆಗಳಿಗೆ ಉತ್ತೇಜನ ಕೊಡುತ್ತದೆ. ೬೫ ದಾಟಿದ ವಯಸ್ಸು, ಗಂಡಸಾಗಿರುವುದು, ಹತೋಟಿಗೆ ಬಾರದ ರಕ್ತದ ಒತ್ತಡ, ಧಮನಿಗಳಲ್ಲಿ ಕೊಬ್ಬಿನ ಜಿಡ್ಡು, ಹೆತ್ತವರಿಗೋ ಒಡಹುಟ್ಟಿದವರಿಗೋ ಇದೇ ರೋಗವಿದ್ದುದು, ಇವು ಉಳಿದ ಕಾರಣಗಳು. ಗಂಡಸರಲ್ಲಿ ಇದು ಹೆಂಗಸರಿಗಿಂತ ಹಲವು ಪಟ್ಟು ಹೆಚ್ಚು. ಆದರೆ ಹೆಂಗಸರಿಗೆ ಬಂದಾಗ ಅದು ಇನ್ನೂ ಚಿಕ್ಕದಿರುವಾಗಲೇ ಒಡೆಯುವ ಸಂಭವ ಅಧಿಕ. ಮನೆಯೊಡತಿಯ ಹೊಟ್ಟೆನೋವನ್ನು ಸದಾ ಕೊನೆಗೆ ನೋಡುವ ಕುಟುಂಬಗಳು ಇದನ್ನು ಗಮನದಲ್ಲಿಡಬೇಕು.

ಸದ್ದಿಲ್ಲದ ಬೆಳವಣಿಗೆ

ಈ ಉಬ್ಬಿನಿಂದ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ, ಆಯಾಸವಿಲ್ಲ. ತೆಳ್ಳಗಿನವರು ಅಂಗಾತ ಮಲಗಿದಾಗ ಹೊಕ್ಕುಳಿನ ಮೇಲ್ಭಾಗದಲ್ಲಿ ನಾಡಿಯಂತೆ ಏನೋ ಬಡಿಯುವುದು ಕೆಲವೊಮ್ಮೆ ಕೈಗೆ ಸಿಗಬಹುದು. ಇನ್ನು ಕೆಲವರಿಗೆ ಬೆನ್ನಿನ ಕೆಳಭಾಗದಲ್ಲಿ ಮಂದವಾದ ನೋವಿರಬಹುದು. ಆದರೆ ಬಹುಮಂದಿಗೆ ಇದು ತಿಳಿಯುವುದು ಆಕಸ್ಮಿಕವಾಗಿ, ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ.

ಉದಾಹರಣೆಗೆ ಬಸವಕಲ್ಯಾಣದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನರು ನಿವೃತ್ತ ಗುಮಾಸ್ತರು, ವಯಸ್ಸು ೬೮. ನಲವತ್ತು ವರ್ಷ ಬೀಡಿ ಸೇದಿದವರು. ಮೂತ್ರದ ತೊಂದರೆಯೆಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ, ವರದಿಯ ಕೊನೆಯ ಸಾಲಿನಲ್ಲಿ ಮಹಾಧಮನಿಯು ೪.೨ ಸೆಂಟಿಮೀಟರಿಗೆ ಹಿಗ್ಗಿದೆಯೆಂದು ಬರೆದಿತ್ತು. ಅಂದು ರಾತ್ರಿ ಆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. “ಹೊಟ್ಟ್ಯಾಗ ಬಾಂಬ್ ಇಟ್ಕೊಂಡು ಹ್ಯಾಂಗ ಕೂಡ್ಬೇಕು? ನಾಳೆ ಮುಂಜಾನೀನೇ ಹೈದರಾಬಾದಿಗೆ ಹೋಗಿ ಆಪರೇಷನ್ ಮಾಡಿಸೂಣ” ಎಂದು ಹಿರಿಯ ಮಗ ಹಟ ಹಿಡಿದ. “ಈ ವಯಸ್ಸಿನ್ಯಾಗ ಅವ್ರ ಮೈಮ್ಯಾಲೆ ಕತ್ರಿ ಬೀಳೂದು ಬ್ಯಾಡ” ಎಂದು ತಾಯಿ ಕಣ್ಣೀರಿಟ್ಟರು. ಯಜಮಾನರು ಮಾತ್ರ, “ನನಗೇನೂ ನೋವಿಲ್ಲಲ್ಲ, ಸುಮ್ನಿರ್ರಿ” ಎಂದು ಬೀಡಿಯ ಕಟ್ಟನ್ನು ಹುಡುಕಿದರು.

ಈ ಮೂವರಲ್ಲಿ ಯಾರ ಮಾತು ಸರಿ? ಮೂವರದೂ ಸರಿಯಲ್ಲ. ಮಗನದು ಅವಸರ, ತಾಯಿಯದು ಭಯ, ತಂದೆಯದು ಉದಾಸೀನ. ಈ ರೋಗದಲ್ಲಿ ತೀರ್ಮಾನ ಮಾಡಬೇಕಾದುದು ಅಳತೆ.

ಅಳತೆಯ ಗೆರೆ

ಶಸ್ತ್ರಕ್ರಿಯೆ ಎಂಬುದು ತನ್ನದೇ ಅಪಾಯವುಳ್ಳ ಕೆಲಸ. ಉಬ್ಬು ಒಡೆಯುವ ಅಪಾಯವು ಶಸ್ತ್ರಕ್ರಿಯೆಯ ಅಪಾಯವನ್ನು ಮೀರಿದಾಗ ಮಾತ್ರ ಕತ್ತರಿ ಹಿಡಿಯುವುದು ನ್ಯಾಯ. ಆ ಗೆರೆ ಎಲ್ಲಿದೆ ಎಂಬುದನ್ನು ಕಂಡುಹಿಡಿಯಲು ಎರಡು ದೊಡ್ಡ ಪರೀಕ್ಷೆಗಳು ನಡೆದವು. ಬ್ರಿಟನ್ನಿನಲ್ಲಿ ೪ ರಿಂದ ೫.೫ ಸೆಂಟಿಮೀಟರಿನ ಉಬ್ಬಿದ್ದ ೧,೦೯೦ ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೂಡಲೇ ಶಸ್ತ್ರಕ್ರಿಯೆ ಮಾಡಿದರು. ಇನ್ನೊಂದು ಗುಂಪನ್ನು ಕಾಲಕಾಲಕ್ಕೆ ಸ್ಕ್ಯಾನ್ ಮಾಡುತ್ತ ಕಾದರು. ೧೯೯೮ರಲ್ಲಿ ಫಲಿತಾಂಶ ಹೊರಬಿತ್ತು. ಬೇಗನೆ ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಲಿಲ್ಲ. ಅಮೆರಿಕದಲ್ಲಿ ೧,೧೩೬ ಮಂದಿಯ ಮೇಲೆ ನಡೆದು ೨೦೦೨ರಲ್ಲಿ ಪ್ರಕಟವಾದ ಪರೀಕ್ಷೆಯೂ ಅದನ್ನೇ ಹೇಳಿತು. ಕಾಯುತ್ತಿದ್ದವರಲ್ಲಿ ಉಬ್ಬು ಒಡೆದವರು ವರ್ಷಕ್ಕೆ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆಯಾಗಿದ್ದರು.

ಅಂದಿನಿಂದ ಹೊಟ್ಟೆಯ ಮಹಾಧಮನಿಗೆ ಸಂಬಂಧಿಸಿದ ಸಾಮಾನ್ಯ ನಿಯಮಗಳು ಹೀಗಿವೆ. ಗಂಡಸರಲ್ಲಿ ಉಬ್ಬು ೫.೫ ಸೆಂಟಿಮೀಟರನ್ನು ಮುಟ್ಟಿದರೆ ಶಸ್ತ್ರಕ್ರಿಯೆಯನ್ನು ಯೋಚಿಸಬೇಕು. ಹೆಂಗಸರಲ್ಲಿ ಈ ಗೆರೆ ೫ ಸೆಂಟಿಮೀಟರು. ಗಾತ್ರ ಅಷ್ಟಾಗದಿದ್ದರೂ ಆರು ತಿಂಗಳಲ್ಲಿ ಅರ್ಧ ಸೆಂಟಿಮೀಟರು, ಅಥವಾ ವರ್ಷದಲ್ಲಿ ಒಂದು ಸೆಂಟಿಮೀಟರು ಬೆಳೆದರೆ ತಜ್ಞರನ್ನು ಕೂಡಲೇ ಕಾಣಬೇಕು. ಉಬ್ಬಿನಿಂದಲೇ ನೋವು ಬರುತ್ತಿದ್ದರೆ, ಅಥವಾ ಅದರೊಳಗಿನ ಹೆಪ್ಪುಗಟ್ಟಿದ ರಕ್ತದ ಚೂರುಗಳು ಕಾಲಿನ ನಾಳಗಳಿಗೆ ಸಿಕ್ಕಿಕೊಳ್ಳುತ್ತಿದ್ದರೆ, ಅಳತೆಯನ್ನು ಕಾಯುವಂತಿಲ್ಲ.

ಇದಕ್ಕಿಂತ ಚಿಕ್ಕದಾದ ಉಬ್ಬಿಗೆ ನಿಗಾವಣೆಯೇ ಚಿಕಿತ್ಸೆ. ೩ ರಿಂದ ೩.೯ ಸೆಂಟಿಮೀಟರಿದ್ದರೆ ಮೂರು ವರ್ಷಕ್ಕೊಮ್ಮೆ, ೪ ರಿಂದ ೪.೯ ಇದ್ದರೆ ವರ್ಷಕ್ಕೊಮ್ಮೆ, ೫ನ್ನು ದಾಟಿದರೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುವುದು ಒಂದು ಪದ್ಧತಿ. ಕೆಲವು ದೇಶಗಳಲ್ಲಿ ಇನ್ನೂ ಬೇಗ ಬೇಗ ನೋಡುತ್ತಾರೆ. ನಮ್ಮ ಬಸವಕಲ್ಯಾಣದ ಗುಮಾಸ್ತರ ೪.೨ ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ವಾಚಕರೇ ಹೇಳಬಲ್ಲರು. ಅವರಿಗೆ ಮರುದಿನ ಮುಂಜಾನೆಯ ಆಪರೇಷನ್ ಬೇಡ. ವರ್ಷಕ್ಕೊಂದು ಸ್ಕ್ಯಾನ್ ಬೇಕು, ರಕ್ತದ ಒತ್ತಡದ ಹತೋಟಿ ಬೇಕು, ಬೀಡಿಯ ಕಟ್ಟು ಅಂದೇ ಹೊರಗೆ ಬೀಳಬೇಕು.

ಎದೆಯೊಳಗಿನ ಉಬ್ಬು

ಹೊಟ್ಟೆಯ ಬದಲು ಎದೆಯ ಭಾಗದಲ್ಲಿ ಹಿಗ್ಗಿದಾಗ ಕಾರಣಗಳೂ ಬೇರೆ, ಲೆಕ್ಕವೂ ಸ್ವಲ್ಪ ಬೇರೆ. ಇಲ್ಲಿ ಯುವಕರೂ ಅಪಾಯಕ್ಕೆ ಸಿಕ್ಕುವುದುಂಟು. ಮಹಾಧಮನಿಯ ಬಾಯಲ್ಲಿರುವ ಕವಾಟಕ್ಕೆ ಮೂರು ಎಸಳಿರಬೇಕು. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟಿನಿಂದಲೇ ಎರಡೇ ಎಸಳಿರುತ್ತದೆ. ಅಂಥವರಲ್ಲಿ ನಾಳ ಹಿಗ್ಗುವ ಸಂಭವ ಹೆಚ್ಚು. ೧೮೯೬ರಲ್ಲಿ ಫ್ರಾನ್ಸಿನ ವೈದ್ಯ ಮಾರ್ಫಾನರು ವರ್ಣಿಸಿದ ವಂಶಪಾರಂಪರ್ಯದ ಕಾಯಿಲೆಯೊಂದಿದೆ. ಅಸಾಧಾರಣ ಎತ್ತರ, ಜೇಡನ ಕಾಲಿನಂತೆ ನೀಳವಾದ ಬೆರಳು, ಸಡಿಲವಾದ ಕೀಲು, ಕಣ್ಣಿನ ಮಸೂರ ಸರಿದುಹೋಗುವುದು ಇವು ಅದರ ಗುರುತು. ಕುಟುಂಬದಲ್ಲಿ ಇಂಥವರಿದ್ದರೆ, ಅಥವಾ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಹೃದಯದ ಎಕೋ ಪರೀಕ್ಷೆ ಮಾಡಿಸುವುದು ವಿವೇಕ. ಜಪಾನಿನ ನೇತ್ರವೈದ್ಯ ತಕಯಾಸು ಅವರು ೧೯೦೮ರಲ್ಲಿ ಗುರುತಿಸಿದ ಧಮನಿಯ ಉರಿಯೂತವು ಏಷ್ಯಾದ ದೇಶಗಳಲ್ಲಿ, ಅದರಲ್ಲಿಯೂ ಎಳೆಯ ಹೆಣ್ಣುಮಕ್ಕಳಲ್ಲಿ, ಹೆಚ್ಚಾಗಿ ಕಾಣುತ್ತದೆ. ಒಂದು ಕೈಯಲ್ಲಿ ನಾಡಿ ಸಿಗದಿರುವುದು ಅದರ ಸೂಚನೆ. ಧಮನಿಯನ್ನು ಕಿರಿದಾಗಿಸುವ ಈ ರೋಗವು ಕೆಲವರಲ್ಲಿ ಅದನ್ನು ಉಬ್ಬಿಸುವುದೂ ಉಂಟು.

ಎದೆಯ ಮೇಲೇರುವ ಭಾಗದಲ್ಲಿ ಸಾಮಾನ್ಯವಾಗಿ ೫.೫ ಸೆಂಟಿಮೀಟರೇ ಗೆರೆ. ಅನುಭವಿ ತಂಡಗಳಿರುವ ದೊಡ್ಡ ಆಸ್ಪತ್ರೆಗಳಲ್ಲಿ ೫ಕ್ಕೇ ಯೋಚಿಸುವುದೂ ಇತ್ತೀಚೆಗೆ ರೂಢಿಗೆ ಬಂದಿದೆ. ಮಾರ್ಫಾನ್ ಕಾಯಿಲೆಯವರಿಗೆ ೫. ಜೊತೆಗೆ ಬೇರೆ ಅಪಾಯದ ಲಕ್ಷಣಗಳಿದ್ದರೆ ೪.೫ ಸಾಕು.

ಎದೆಯ ಭಾಗದಲ್ಲಿ ಇನ್ನೊಂದು ವಿಪತ್ತಿದೆ. ಒಳಪದರ ಹರಿದು, ರಕ್ತವು ಪದರಗಳ ನಡುವೆ ನುಗ್ಗಿ ಗೋಡೆಯನ್ನೇ ಉದ್ದಕ್ಕೆ ಸೀಳಿಬಿಡುತ್ತದೆ. ೧೭೬೦ರ ಅಕ್ಟೋಬರ್ ೨೫ರಂದು ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜ್ ಹಠಾತ್ತಾಗಿ ಮರಣ ಹೊಂದಿದಾಗ, ಶವಪರೀಕ್ಷೆ ನಡೆಸಿದ ಅರಮನೆಯ ವೈದ್ಯರು ಕಂಡುದು ಇದನ್ನೇ. ಎದೆಯನ್ನೋ ಬೆನ್ನನ್ನೋ ಕತ್ತಿಯಿಂದ ಸೀಳಿದಂತಹ ನೋವು ಒಮ್ಮೆಲೇ ಬರುವುದು ಇದರ ಲಕ್ಷಣ. ಹೃದಯದ ಪಕ್ಕದ ಭಾಗ ಸೀಳಿದ್ದರೆ ಪ್ರತಿ ಗಂಟೆಗೂ ಬದುಕುವ ಸಾಧ್ಯತೆ ಕುಗ್ಗುತ್ತ ಹೋಗುತ್ತದೆ.

ಇಬ್ಬರು ಹಿರಿಯರು, ಎರಡು ತೀರ್ಮಾನಗಳು

ಉಬ್ಬಿದ ಧಮನಿಗೆ ಮೇಲೆ ಕೆಳಗೆ ದಾರ ಕಟ್ಟುವ ಉಪಾಯವನ್ನು ಎರಡನೆಯ ಶತಮಾನದಷ್ಟು ಹಿಂದೆಯೇ ಗ್ರೀಕ್ ವೈದ್ಯ ಆಂಟಿಲಸ್ ಕೈಕಾಲುಗಳ ನಾಳಗಳಿಗೆ ಬಳಸಿದ್ದನು. ಆದರೆ ಮಹಾಧಮನಿಯನ್ನು ಕಟ್ಟಿದರೆ ಕೆಳಗಿನ ದೇಹಕ್ಕೆ ರಕ್ತವೇ ಇಲ್ಲವಾಗುತ್ತದೆ. ಹೀಗಾಗಿ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಇದಕ್ಕೆ ನಿಜವಾದ ಪರಿಹಾರವಿರಲಿಲ್ಲ.

ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನರಿಗೆ ಹೊಟ್ಟೆಯ ಮಹಾಧಮನಿಯ ಉಬ್ಬು ಇತ್ತು. ೧೯೪೮ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸೆನ್ ಅವರು ಹೊಟ್ಟೆಯನ್ನು ತೆರೆದು, ಉಬ್ಬಿನ ಸುತ್ತ ಸೆಲೋಫೇನ್ ಹಾಳೆಯನ್ನು ಸುತ್ತಿದರು. ಆ ಹಾಳೆಯು ಕೆರಳಿಸಿದ ಅಂಗಾಂಶವು ಗಟ್ಟಿಯಾಗಿ ಗೋಡೆಗೆ ಆಸರೆಯಾಗಲೆಂಬುದು ಉದ್ದೇಶ. ಆ ಕಾಲಕ್ಕೆ ಇದ್ದ ಉಪಾಯಗಳಲ್ಲಿ ಅದೊಂದು. ಐನ್‌ಸ್ಟೈನರು ಇನ್ನೂ ಆರು ವರ್ಷಗಳಿಗೂ ಹೆಚ್ಚು ಕಾಲ ಬದುಕಿ ಕೆಲಸಮಾಡಿದರು. ೧೯೫೫ರ ಏಪ್ರಿಲ್ ತಿಂಗಳಲ್ಲಿ ಉಬ್ಬು ಸೋರತೊಡಗಿತು. ಅಷ್ಟರಲ್ಲಿ ಹೊಸ ಶಸ್ತ್ರಕ್ರಿಯೆ ಬಂದಿತ್ತು; ವೈದ್ಯರು ಅದನ್ನು ಸೂಚಿಸಿದರು. ೭೬ ವರ್ಷದ ಐನ್‌ಸ್ಟೈನರು ಬೇಡವೆಂದರು. ಏಪ್ರಿಲ್ ೧೮ರಂದು ಪ್ರಿನ್ಸ್‌ಟನ್ನಿನ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಆ ಹೊಸ ಶಸ್ತ್ರಕ್ರಿಯೆಯನ್ನು ೧೯೫೧ರ ಮಾರ್ಚ್ ೨೯ರಂದು ಪ್ಯಾರಿಸಿನಲ್ಲಿ ಶಾರ್ಲ್ ದ್ಯುಬೋ ಎಂಬ ಶಸ್ತ್ರವೈದ್ಯರು ಮಾಡಿ ತೋರಿಸಿದ್ದರು. ಉಬ್ಬಿದ ಭಾಗವನ್ನು ತೆಗೆದುಹಾಕಿ, ಮೃತ ವ್ಯಕ್ತಿಯೊಬ್ಬರಿಂದ ಪಡೆದ ಧಮನಿಯನ್ನು ಅಲ್ಲಿ ಹೊಲಿದರು. ಆದರೆ ಬೇಕೆಂದಾಗ ಅಂಥ ಧಮನಿ ಎಲ್ಲಿ ಸಿಗಬೇಕು? ಈ ತೊಡಕನ್ನು ಬಿಡಿಸಿದವರು ಅಮೆರಿಕದ ಹ್ಯೂಸ್ಟನ್ ನಗರದ ಮೈಕೇಲ್ ಡಿಬೇಕಿ. ಬಾಲ್ಯದಲ್ಲಿ ತಾಯಿಯಿಂದ ಹೊಲಿಗೆ ಕಲಿತಿದ್ದ ಅವರು, ಬಟ್ಟೆಯಂಗಡಿಯಿಂದ ಡೇಕ್ರಾನ್ ಬಟ್ಟೆಯನ್ನು ತಂದು ಹೊಲಿಗೆಯ ಯಂತ್ರದಲ್ಲಿ ಕೊಳವೆಯಾಗಿ ಹೊಲಿದು, ೧೯೫೦ರ ದಶಕದಲ್ಲಿ ಅದನ್ನು ಧಮನಿಯ ಬದಲಿಗೆ ಬಳಕೆಗೆ ತಂದರು. ಇಂದಿಗೂ ಜಗತ್ತಿನ ಆಪರೇಷನ್ ಕೊಠಡಿಗಳಲ್ಲಿ ಆ ಬಗೆಯ ಕೊಳವೆಯೇ ಬಳಕೆಯಲ್ಲಿದೆ.

ವಿಧಿಯ ವಿಚಿತ್ರವೆಂದರೆ, ೨೦೦೫ರ ಡಿಸೆಂಬರ್ ೩೧ರಂದು ೯೭ ವರ್ಷದ ಡಿಬೇಕಿಯವರ ಮಹಾಧಮನಿಯೇ ಸೀಳಿತು. ನೋವು ಬಂದೊಡನೆ ರೋಗ ಯಾವುದೆಂದು ಅವರಿಗೆ ತಿಳಿದುಹೋಯಿತು. ಮೊದಲು ಶಸ್ತ್ರಕ್ರಿಯೆಗೆ ಅವರೂ ಒಪ್ಪಲಿಲ್ಲ. ದಿನಗಳು ಕಳೆದು ಪ್ರಜ್ಞೆ ತಪ್ಪುವ ಸ್ಥಿತಿ ಬಂದಾಗ, ಆಸ್ಪತ್ರೆಯ ನೀತಿ ಸಮಿತಿಯಲ್ಲಿ ಬಿಸಿಬಿಸಿ ಚರ್ಚೆ ನಡೆದು, ೨೦೦೬ರ ಫೆಬ್ರವರಿಯಲ್ಲಿ ಅವರ ಸಹೋದ್ಯೋಗಿಗಳೇ ಶಸ್ತ್ರಕ್ರಿಯೆ ಮಾಡಿದರು. ತಿಂಗಳುಗಟ್ಟಲೆ ನರಳಿದರೂ ಅವರು ಚೇತರಿಸಿಕೊಂಡು, ೨೦೦೮ರ ಜುಲೈ ತಿಂಗಳಲ್ಲಿ ೯೯ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಒಬ್ಬರು ಬೇಡವೆಂದರು, ಅವರ ಮಾತು ನಡೆಯಿತು. ಇನ್ನೊಬ್ಬರು ಬೇಡವೆಂದರು, ಸುತ್ತಲಿದ್ದವರು ಉಳಿಸಿಕೊಂಡರು. ಇವೆರಡರಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ತೀರ್ಪು ಕೊಡುವುದು ಸುಲಭವಲ್ಲ. ವಯಸ್ಸಾದವರ ಇಚ್ಛೆ ಏನೆಂಬುದನ್ನು ಅವರು ಎಚ್ಚರವಾಗಿ, ನೆಮ್ಮದಿಯಾಗಿ ಇರುವಾಗಲೇ ಮನೆಯವರು ಕೇಳಿಟ್ಟುಕೊಳ್ಳಬೇಕೆಂಬ ಪಾಠವಂತೂ ಎರಡರಲ್ಲಿಯೂ ಇದೆ.

ಎರಡು ದಾರಿಗಳು

ಇಂದು ಶಸ್ತ್ರಕ್ರಿಯೆಗೆ ಎರಡು ದಾರಿಗಳಿವೆ. ಮೊದಲನೆಯದು ಹೊಟ್ಟೆಯನ್ನು ತೆರೆದು, ರಕ್ತವನ್ನು ಕೆಲಹೊತ್ತು ತಡೆಹಿಡಿದು, ಉಬ್ಬಿದ ಜಾಗದಲ್ಲಿ ಬಟ್ಟೆಯ ಕೊಳವೆಯನ್ನು ಹೊಲಿಯುವುದು. ವಾರವೊ ಹತ್ತು ದಿನವೊ ಆಸ್ಪತ್ರೆಯಲ್ಲಿರಬೇಕು. ಪೂರ್ತಿ ಸುಧಾರಿಸಲು ಎರಡು ಮೂರು ತಿಂಗಳು ಬೇಕು. ಒಮ್ಮೆ ಮುಗಿಯಿತೆಂದರೆ ಬಹುಮಟ್ಟಿಗೆ ಅದು ಜೀವಮಾನದ ರಿಪೇರಿ.

ಎರಡನೆಯದು ತೊಡೆಸಂದಿನ ಧಮನಿಯ ಮೂಲಕ ಮಡಚಿದ ಕೊಳವೆಯನ್ನು ತೂರಿಸಿ, ಉಬ್ಬಿನ ಒಳಗೆ ಅದನ್ನು ಬಿಚ್ಚಿ ಕೂಡಿಸುವುದು. ಹಳೆಯ ಸೈಕಲ್ ಟಯರಿನೊಳಗೆ ಹೊಸ ಟ್ಯೂಬು ಹಾಕಿದಂತೆ, ರಕ್ತವು ಕೊಳವೆಯೊಳಗೆ ಹರಿಯುತ್ತದೆ. ದುರ್ಬಲ ಗೋಡೆಗೆ ಒತ್ತಡ ತಗಲುವುದಿಲ್ಲ. ಹಾರ್ಕಿವ್ ನಗರದ ನಿಕೊಲಾಯ್ ವೊಲೊದೋಸ್ ೧೯೮೭ರಲ್ಲಿಯೂ, ಅರ್ಜೆಂಟೀನದ ಹ್ವಾನ್ ಪರೋದಿ ೧೯೯೦ರಲ್ಲಿಯೂ ಈ ವಿಧಾನಕ್ಕೆ ನಾಂದಿ ಹಾಕಿದರು. ಎರಡು ಮೂರು ದಿನಗಳಲ್ಲಿ ಮನೆಗೆ ಮರಳಬಹುದು.

ಹಾಗಾದರೆ ಎಲ್ಲರಿಗೂ ಎರಡನೆಯದೇ ಉತ್ತಮವಲ್ಲವೆ? ಬ್ರಿಟನ್ನಿನಲ್ಲಿ ೧,೦೮೨ ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಮೊದಲ ೩೦ ದಿನಗಳ ಮರಣ ತೆರೆದ ಶಸ್ತ್ರಕ್ರಿಯೆಯಲ್ಲಿ ಶೇಕಡಾ ೪.೭, ಕೊಳವೆಯ ವಿಧಾನದಲ್ಲಿ ಶೇಕಡಾ ೧.೭ ಇತ್ತು. ಆದರೆ ಹದಿನೈದು ವರ್ಷಗಳವರೆಗೆ ಅವರನ್ನು ಗಮನಿಸಿದಾಗ ಆರಂಭದ ಲಾಭ ಕರಗಿಹೋಗಿತ್ತು. ಕೊಳವೆಯ ಅಂಚಿನಿಂದ ರಕ್ತ ಸೋರುವುದು, ಕೊಳವೆ ಜರುಗುವುದು ಇಂಥ ತೊಂದರೆಗಳು ನಿಧಾನವಾಗಿ ತಲೆಯೆತ್ತಿದ್ದವು. ಆದುದರಿಂದ ಈ ದಾರಿ ಹಿಡಿದವರು ಜೀವಮಾನವಿಡೀ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು. ವಯಸ್ಸಾಗಿ ಹೃದಯ, ಶ್ವಾಸಕೋಶಗಳು ಕುಗ್ಗಿದವರಿಗೆ ಕೊಳವೆ. ಗಟ್ಟಿಮುಟ್ಟಾಗಿದ್ದು ಇನ್ನೂ ಬಹುಕಾಲ ಬಾಳಬಲ್ಲವರಿಗೆ ತೆರೆದ ಶಸ್ತ್ರಕ್ರಿಯೆಯನ್ನೂ ಯೋಚಿಸುವುದು ಪದ್ಧತಿ. ಉಬ್ಬಿನ ಆಕಾರ ಕೊಳವೆಗೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಸಿ.ಟಿ. ಸ್ಕ್ಯಾನ್ ಹೇಳುತ್ತದೆ.

ವೈದ್ಯರನ್ನು ಕಂಡಾಗ ಮನೆಯವರು ಕೇಳಬೇಕಾದ ಪ್ರಶ್ನೆಗಳು ಐದು. ಉಬ್ಬಿನ ಅಳತೆ ಇಂದು ಎಷ್ಟು, ಹಿಂದೆ ಎಷ್ಟಿತ್ತು? ಮಾಡದೆ ಬಿಟ್ಟರೆ ಒಡೆಯುವ ಸಂಭವವೆಷ್ಟು? ಈ ರೋಗಿಯ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳು ಶಸ್ತ್ರಕ್ರಿಯೆಯನ್ನು ತಡೆದುಕೊಳ್ಳಬಲ್ಲವೆ? ಎರಡು ದಾರಿಗಳಲ್ಲಿ ಯಾವುದು ಹೊಂದುತ್ತದೆ, ಏಕೆ? ಈ ಆಸ್ಪತ್ರೆಯಲ್ಲಿ ಇಂಥ ಕೆಲಸ ವರ್ಷಕ್ಕೆ ಎಷ್ಟು ನಡೆಯುತ್ತದೆ? ಕೇಳಲು ಸಂಕೋಚಪಡಬೇಕಾಗಿಲ್ಲ, ಒಳ್ಳೆಯ ವೈದ್ಯರು ಇವಕ್ಕೆ ಬೇಸರಿಸುವುದಿಲ್ಲ.

ಕಲ್ಯಾಣ, ಹುಮನಾಬಾದುಗಳಿಂದ ಎಲ್ಲಿಗೆ?

ದೊಡ್ಡ ನಗರದವರಿಗಿಲ್ಲದ ಒಂದು ಚಿಂತೆ ಗಡಿನಾಡಿನ ಊರುಗಳವರಿಗಿದೆ, ಅದು ದೂರ. ಬಸವಕಲ್ಯಾಣದವರು ಕಾಯಿಲೆ ಬಿದ್ದಾಗ ಬೀದರ, ಕಲಬುರಗಿಗಳಿಗೆ ಹೋಗುವಂತೆಯೇ ಗಡಿಯಾಚೆಯ ಸೊಲ್ಲಾಪುರಕ್ಕೂ ಹೈದರಾಬಾದಿಗೂ ಹೋಗುತ್ತಾರೆ. ಹುಮನಾಬಾದಿನಿಂದ ಕಲಬುರಗಿ ಸುಮಾರು ೬೦ ಕಿಲೋಮೀಟರು, ಹೈದರಾಬಾದು ಸುಮಾರು ೧೫೦. ಬೀದರ–ಕಲಬುರಗಿ ರೈಲುಮಾರ್ಗವು ೨೦೧೭ರ ಅಕ್ಟೋಬರಿನಲ್ಲಿ ಪೂರ್ಣವಾಗಿ ತೆರೆದ ಬಳಿಕ ಹುಮನಾಬಾದಿನವರ ಓಡಾಟ ಹಗುರವಾಗಿದೆ. ಬೀದರಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯು ಕಲಬುರಗಿಯಲ್ಲಿ ನಡೆಯುತ್ತಿದ್ದು, ೨೦೨೪ರ ಡಿಸೆಂಬರಿನಲ್ಲಿ ಅದಕ್ಕೆ ೩೭೧ ಹಾಸಿಗೆಗಳ ಹೊಸ ಕಟ್ಟಡ ದೊರೆಯಿತು.

ಹಣದ ವಿಷಯದಲ್ಲಿಯೂ ಈ ಭಾಗಕ್ಕೆ ಒಂದು ಇತಿಹಾಸವಿದೆ. ಬಡ ಕುಟುಂಬಗಳಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ೨೦೧೦ರಲ್ಲಿ ರಾಜ್ಯದಲ್ಲಿ ಮೊಟ್ಟಮೊದಲು ಆರಂಭಿಸಿದುದು, ಬೀದರ ಜಿಲ್ಲೆಯನ್ನೊಳಗೊಂಡ ಗುಲಬರ್ಗಾ ವಿಭಾಗದಲ್ಲಿಯೇ. ೨೦೧೮ರಲ್ಲಿ ಅದು ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸೇರಿಕೊಂಡಿತು. ಇದರ ನೆರವು ಬೇಕಾದವರು ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಮುಂದಿನ ಆಸ್ಪತ್ರೆಗೆ ಶಿಫಾರಸಿನ ಪತ್ರ ಪಡೆಯುವುದು ಕ್ರಮ. ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ, ಬಿಲ್ಲು ಬಂದ ಮೇಲೆ ಚೀಟಿಗಾಗಿ ಓಡುವುದರಿಂದ ತೊಂದರೆಯೇ ಹೆಚ್ಚು.

ದೂರ ಇರುವುದರಿಂದಲೇ ಮುಂಚಿತವಾಗಿ ತಿಳಿದಿರುವುದು ಈ ಊರುಗಳಲ್ಲಿ ಇನ್ನೂ ಮುಖ್ಯ. ಒಡೆದ ಉಬ್ಬಿನೊಂದಿಗೆ ಹತ್ತರಲ್ಲಿ ಎಂಟು ಮಂದಿ ಉಳಿಯುವುದಿಲ್ಲ. ಅವರಲ್ಲಿ ಅನೇಕರು ಆಸ್ಪತ್ರೆಯ ಬಾಗಿಲನ್ನೇ ಕಾಣುವುದಿಲ್ಲ. ಯೋಜಿಸಿ ಮಾಡಿಸಿದ ಶಸ್ತ್ರಕ್ರಿಯೆಯಲ್ಲಾದರೋ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಮನೆಗೆ ಮರಳುತ್ತಾರೆ. ಇಂಗ್ಲೆಂಡಿನಲ್ಲಿ ೨೦೦೯ರಿಂದ ಆರಂಭವಾದ ಯೋಜನೆಯಂತೆ ೬೫ ತುಂಬುವ ಪ್ರತಿಯೊಬ್ಬ ಗಂಡಸನ್ನೂ ಹೊಟ್ಟೆಯ ಸ್ಕ್ಯಾನಿಗೆ ಕರೆಯುತ್ತಾರೆ. ಅಮೆರಿಕದಲ್ಲಿ ಎಂದಾದರೂ ಧೂಮಪಾನ ಮಾಡಿದ ೬೫ ರಿಂದ ೭೫ ವರ್ಷದ ಗಂಡಸರಿಗೆ ಒಮ್ಮೆ ಇದನ್ನು ಮಾಡಿಸಲು ಸಲಹೆಯಿದೆ. ನಮ್ಮ ದೇಶದಲ್ಲಿ ಅಂಥ ಕರೆ ಬರುವುದಿಲ್ಲ. ಬೀಡಿ ಸೇದಿದ ಹಿರಿಯರಿರುವ ಮನೆಯವರು ತಾವೇ ವೈದ್ಯರನ್ನು ಕೇಳಬೇಕು. ಸ್ಕ್ಯಾನಿಗೆ ಬೇಕಾಗುವುದು ಹತ್ತು ನಿಮಿಷ, ಸೂಜಿಯಿಲ್ಲ, ನೋವಿಲ್ಲ.

ಅಪಾಯದ ಸೂಚನೆ ಕಂಡರೆ

ಹೊಟ್ಟೆ, ಬೆನ್ನು ಅಥವಾ ಪಕ್ಕೆಯಲ್ಲಿ ಇದ್ದಕ್ಕಿದ್ದಂತೆ ಸಹಿಸಲಾರದ ನೋವು, ತಣ್ಣನೆಯ ಬೆವರು, ತಲೆಸುತ್ತಿ ಬೀಳುವುದು ಇವು ಉಬ್ಬು ಒಡೆಯುತ್ತಿರುವ ಲಕ್ಷಣಗಳಾಗಿರಬಹುದು. ಎಡಪಕ್ಕೆಯ ನೋವನ್ನು ಮೂತ್ರಪಿಂಡದ ಕಲ್ಲೆಂದು ವೈದ್ಯರೇ ಭ್ರಮಿಸಿದ ಸಂದರ್ಭಗಳುಂಟು. ೬೦ ದಾಟಿದವರಿಗೆ ಮೊದಲ ಸಲ ಅಂಥ ನೋವು ಬಂದಾಗ, ವಾಯುವೆಂದು ಓಮದ ಕಷಾಯ ಕೊಡುತ್ತ, ಹೊಟ್ಟೆಗೆ ಎಣ್ಣೆ ತಿಕ್ಕುತ್ತ ಹೊತ್ತು ಕಳೆಯಬಾರದು. ೧೦೮ಕ್ಕೆ ಕರೆ ಮಾಡಬೇಕು. ಉಬ್ಬು ಇರುವುದು ಮೊದಲೇ ಗೊತ್ತಿದ್ದರೆ ಆ ಮಾತನ್ನೇ ಎಲ್ಲಕ್ಕಿಂತ ಮುಂಚೆ ಹೇಳಬೇಕು.

ಕಾಯುವವರ ಕರ್ತವ್ಯ

ಸಣ್ಣ ಉಬ್ಬಿನವರು ಹೆದರಿ ಹಾಸಿಗೆ ಹಿಡಿಯಬೇಕಾಗಿಲ್ಲ. ಉಬ್ಬಿನ ಬೆಳವಣಿಗೆಯನ್ನು ನಿಲ್ಲಿಸುವ ಮಾತ್ರೆ ಇನ್ನೂ ಬಂದಿಲ್ಲ, ನಿಜ. ಆದರೆ ಹೊಗೆ ಬಿಟ್ಟವರಲ್ಲಿ ಅದು ನಿಧಾನವಾಗಿ ಬೆಳೆಯುತ್ತದೆ. ರಕ್ತದ ಒತ್ತಡದ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು. ಕೊಲೆಸ್ಟರಾಲಿನ ಮಾತ್ರೆಯನ್ನು ವೈದ್ಯರು ಕೊಟ್ಟರೆ ತೆಗೆದುಕೊಳ್ಳಬೇಕು. ಈ ರೋಗಿಗಳಿಗೆ ಹೃದಯಾಘಾತದ ಭಯವೂ ಇರುತ್ತದೆ. ನಿತ್ಯದ ನಡಿಗೆ, ಮನೆಗೆಲಸ, ಜಾತ್ರೆ, ಪ್ರವಾಸ ಯಾವುದಕ್ಕೂ ಅಡ್ಡಿಯಿಲ್ಲ. ಉಸಿರು ಬಿಗಿಹಿಡಿದು ಕಾಳಿನ ಚೀಲ ಎತ್ತುವಂಥ ಸಾಹಸ ಮಾತ್ರ ಬೇಡ.

ಔಷಧದ ಅಂಗಡಿಯಲ್ಲಿ ಕೇಳಿ ತರುವ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಮೊದಲಾದ ಮಾತ್ರೆಗಳ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಮಹಾಧಮನಿಯ ಉಬ್ಬಿರುವವರಿಗೆ ಬೇರೆ ಔಷಧವಿರುವಾಗ ಇವನ್ನು ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ೨೦೧೮ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ಭೇದಿಯಾಯಿತೆಂದೋ ಮೂತ್ರದ ಉರಿಯೆಂದೋ ಹೋದಾಗ, ಉಬ್ಬು ಇರುವುದನ್ನು ವೈದ್ಯರಿಗೆ ತಿಳಿಸಿ ಬೇರೆ ಔಷಧ ಕೇಳಬೇಕು.

ಕೊನೆಯದಾಗಿ ಒಂದು ಸಣ್ಣ ಕೆಲಸ. ಸ್ಕ್ಯಾನಿನ ವರದಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಒಂದೇ ಕಡತದಲ್ಲಿ ಸೇರಿಸಿ, ಮೇಲಿನ ಹಾಳೆಯಲ್ಲಿ ದಿನಾಂಕವನ್ನೂ ಅಳತೆಯನ್ನೂ ದಪ್ಪ ಅಕ್ಷರಗಳಲ್ಲಿ ಬರೆದಿಡಬೇಕು. ಹಳೆಯ ವರದಿ ಕಳೆದುಹೋದರೆ, ಉಬ್ಬು ಬೆಳೆದಿದೆಯೆ ಎಂಬ ಪ್ರಶ್ನೆಗೆ ಎಷ್ಟು ದೊಡ್ಡ ತಜ್ಞರೂ ಉತ್ತರ ಹೇಳಲಾರರು. ಆ ಕಡತ ಎಲ್ಲಿದೆಯೆಂಬುದು ಮನೆಯ ಎಲ್ಲರಿಗೂ, ಶಾಲೆಗೆ ಹೋಗುವ ಮೊಮ್ಮಗಳಿಗೂ, ಗೊತ್ತಿರಬೇಕು. ರೋಗಿಯ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಒಂದು ಕಾಗದ ಬರೆದೋ ಫೋನು ಮಾಡಿಯೋ ವಿಷಯವನ್ನು ತಿಳಿಸಿ, ಅವರೂ ಒಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಳ್ಳುವಂತೆ ಹೇಳಬೇಕು.